ಪಟ್ಟಿ ಕೊಟ್ಟವರೇ, ಕೀಬೋರ್ಡಿನವನ ಎಡಗೈ ನೋಡಿ!

ಪೋತ್ನಾಳ: ಗಣಪತಿ ಹಬ್ಬ ಬಂತೆಂದರೆ ನಮ್ಮ ಕಡೆ ಹುಡುಗರು ಪಟ್ಟಿ ಎತ್ತಲು ಅಂಗಡಿ ಅಂಗಡಿ ತಿರುಗುತ್ತಾರೆ. "ಸಾವ್ಕಾರ್ರ, ಈ ಸಲ ಆರ್ಕೆಸ್ಟ್ರಾ ಐತ್ರಿ" ಎಂದರೆ ಅಂಗಡಿಕಾರರ ಕೈ ಗಲ್ಲಾಕ್ಕೆ ಹೋಗುತ್ತದೆ. ರಾತ್ರಿ ವೇದಿಕೆ ಮುಂದೆ ಕುಳಿತಾಗ ಮಾತ್ರ ಅನುಮಾನ: "ಇಂವಾ ಖರೇನ ಬಾರಸಾಕತ್ಯಾನೋ, ಪೆನ್ ಡ್ರೈವ್ ಹಚ್ಚಿ ಸುಮ್ನ ಕೈ ಆಡಸಾಕತ್ಯಾನೋ?"

ಅನುಮಾನ ತಪ್ಪಲ್ಲ. ಟ್ರ್ಯಾಕ್ ಹಾಕಿ ಅದರ ಮೇಲೆ ಹಾಡಿಬಿಟ್ಟರೆ ಖರ್ಚು ಕಡಿಮೆ. ಆದರೆ ಅಷ್ಟೂ ಮಂದಿ ವಾದ್ಯಗಾರರಿಗೆ ಅಂದಿನ ಕೂಲಿ ಹೋಯಿತು. ಖರೇ ಬಾರಿಸುವವನನ್ನು ಗುರುತಿಸಬೇಕೆ? ಅವನ ಬಲಗೈ ಬಿಡಿ, ಎಡಗೈ ನೋಡಿ.

ಚಕ್ರದ ಕರಾಮತ್ತು

ಬಹಳಷ್ಟು ಕೀಬೋರ್ಡುಗಳ ಎಡಬದಿಗೆ ಒಂದು ಸಣ್ಣ ಚಕ್ರವಿರುತ್ತದೆ. ಮೇಲೆ ನೂಕಿದರೆ ಸ್ವರ ಏರುತ್ತದೆ, ಕೆಳಗೆ ಎಳೆದರೆ ಇಳಿಯುತ್ತದೆ, ಕೈಬಿಟ್ಟರೆ ಸ್ಪ್ರಿಂಗ್ ಅದನ್ನು ನಡುವಿಗೆ ತರುತ್ತದೆ. ಸಾಮಾನ್ಯವಾಗಿ ಸಾ ದಿಂದ ಶುದ್ಧ ರೀ ವರೆಗೆ ಜಾರುವಷ್ಟು ಅಳತೆ ಇಟ್ಟಿರುತ್ತಾರೆ.

ಇದು ಸಣ್ಣ ಮಾತೇನಲ್ಲ. ಹಾರ್ಮೋನಿಯಂನಲ್ಲಿ ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವ ಮೀಂಡ್ ಬರುವುದಿಲ್ಲ ಎಂಬ ದೂರು ಹಳೆಯದು. 1940ರಲ್ಲಿ ಆಕಾಶವಾಣಿ ಆ ವಾದ್ಯವನ್ನೇ ಹೊರಗಿಟ್ಟಿತು. ಬಾಗಿಲು ಅಷ್ಟಿಷ್ಟು ತೆರೆದದ್ದು 1971ರಲ್ಲಿ. ನಮ್ಮದೋ, ಪಂಡಿತ ಸಿದ್ಧರಾಮ ಜಂಬಲದಿನ್ನಿ ಅವರ ಹೆಸರಿನಲ್ಲಿ ರಂಗಮಂದಿರ ಕಟ್ಟಿದ ಜಿಲ್ಲೆ. ಇಲ್ಲಿನ ಕಿವಿಗೆ ಸ್ವರ ಜಾರಬೇಕು. ಆ ಚಕ್ರ ಮಾಡುವುದು ಅದನ್ನೇ.

ಕಿವಿ ಹಿಂಡುವ ವಿದ್ಯೆ

ದೊಡ್ಡ ಸಿಂಥಸೈಜರುಗಳ ಮೇಲೆ ಹಳೇ ರೇಡಿಯೋದ ಕಿವಿಯಂಥ ನಾಬ್‌ಗಳ ಸಾಲೇ ಇರುತ್ತದೆ. ಅದರಲ್ಲಿ ಮುಖ್ಯವಾದದ್ದು ಕಟಾಫ್. ಇದನ್ನು ಇಳಿಸಿದರೆ ಮದುವೆ ಮೆರವಣಿಗೆ ಮುಂದಿನ ಓಣಿಗೆ ತಿರುಗಿದ ಹಾಗೆ ಧ್ವನಿ ಮಂದವಾಗುತ್ತದೆ. ಏರಿಸಿದರೆ ಬ್ಯಾಂಡು ನಮ್ಮ ಮನೆ ಮುಂದೇ ಬಂದು ನಿಂತ ಹಾಗೆ. ಪಕ್ಕದ ರೆಸೊನೆನ್ಸ್ ಏರಿಸಿದರೆ ಧ್ವನಿಗೆ ಸಿಳ್ಳೆಯಂಥ ಮೊನೆ ಬರುತ್ತದೆ.

ಮುಂಬಯಿಯ ಸಿನಿಮಾ ವಾದ್ಯಗಾರ ಚರಣಜಿತ್ ಸಿಂಗ್ 1982ರಲ್ಲಿ ರೋಲ್ಯಾಂಡ್ ಕಂಪನಿಯ ಮೂರು ಯಂತ್ರ ಜೋಡಿಸಿ, ಡಿಸ್ಕೋ ತಾಳಕ್ಕೆ ಹತ್ತು ರಾಗ ನುಡಿಸಿ ರೆಕಾರ್ಡು ತಂದರು. ಆಗ ಯಾರೂ ಅಷ್ಟಾಗಿ ಕೇಳಲಿಲ್ಲ. 1987ರಲ್ಲಿ ಅಮೆರಿಕದ ಚಿಕಾಗೋ ಹುಡುಗರು ಅದೇ ತರಹದ ಬಾಸ್ ಪೆಟ್ಟಿಗೆಯ ನಾಬ್ ತಿರುವಿ ಹೊಸ ಕುಣಿತದ ಸಂಗೀತವನ್ನೇ ಹುಟ್ಟಿಸಿದರು. 2010ರಲ್ಲಿ ಸಿಂಗ್ ಅವರ ರೆಕಾರ್ಡು ಮತ್ತೆ ಹೊರಬಂದಾಗ ಜಗತ್ತು ಬೆರಗಾಯಿತು. ಮುದಿವಯಸ್ಸಿನಲ್ಲಿ ಅವರು ಯುರೋಪಿನ ವೇದಿಕೆ ಹತ್ತಿದರು. 2015ರಲ್ಲಿ ತೀರಿಕೊಂಡರು.

ಮಧ್ಯೆ ಒಂದು ಕಾಲ ನಾಬ್‌ಗಳೇ ಮಾಯವಾಗಿದ್ದವು. 1983ರಲ್ಲಿ ಬಂದ ಯಮಹಾ ಡಿಎಕ್ಸ್ 7 ತುಂಬಾ ಬಟನ್ನುಗಳೇ. ನಾದ ಹೊಸದು, ಮಾರಾಟವೂ ಜೋರು. ಆದರೆ ಹಾಡಿನ ನಡುವೆ ನಾದ ತಿದ್ದುವುದು ತಾಪತ್ರಯ. 1990ರ ದಶಕದಲ್ಲಿ ನಾಬ್‌ಗಳು ತಿರುಗಿ ಬಂದವು. ಕಾರಣ ಸರಳ. ಸಿಂಧನೂರು ಬಸ್ಸಿನ ಡ್ರೈವರು ಗೇರಿನ ಕಡೆ ನೋಡುತ್ತಾನೇನು? ಕಣ್ಣು ರಸ್ತೆ ಮೇಲೆ, ಕೈ ಗೇರಿನ ಮೇಲೆ. ವಾದ್ಯಗಾರನ ಕಣ್ಣೂ ಹಾಡುವವರ ಮೇಲಿರಬೇಕು.

ಧೂಳು, ಎಡವಟ್ಟು

ತೊಂದರೆಯೂ ಉಂಟು. ಒಂದು ಹಾಡು ಮುಗಿಸಿ ಇನ್ನೊಂದರ ನಾದ ಕರೆದಾಗ ಯಂತ್ರದೊಳಗಿನ ಲೆಕ್ಕ ಬೇರೆ, ನಾಬ್ ನಿಂತ ಜಾಗ ಬೇರೆ. ಮುಟ್ಟಿದೊಡನೆ ಧ್ವನಿ ಠಣ್ಣನೆ ಹಾರುತ್ತದೆ. ಅನುಭವಿಗಳು ಹಾಡು ಶುರುವಾಗುವ ಮೊದಲೇ ನಾಬ್ ಸರಿಮಾಡಿಕೊಳ್ಳುತ್ತಾರೆ. ನಾಬ್ ಒಳಗೆ ಧೂಳು ಸೇರಿದರೆ ಸ್ಪೀಕರಿನಲ್ಲಿ ಗರಗರ. ನಮ್ಮ ಕಡೆ ಧೂಳಿಗೇನು ಬರ! ಕಾರ್ಯಕ್ರಮ ಮುಗಿದೊಡನೆ ಬಟ್ಟೆ ಹೊದಿಸಿ. ಗರಗರ ಶುರುವಾದರೆ ರಿಪೇರಿಯವರ ಹತ್ತಿರ ಒಯ್ದು ಕಾಂಟ್ಯಾಕ್ಟ್ ಕ್ಲೀನರ್ ಹೊಡೆಸಿ.

ಕೊನೆಗೆ ಪಟ್ಟಿ ಕೊಡುವವರಿಗೆ ಒಂದು ಮಾತು. ದುಡ್ಡು ನಿಮ್ಮದು, ಕೇಳುವ ಹಕ್ಕೂ ನಿಮ್ಮದು. ಹುಡುಗರು ಬಂದಾಗ ಲೈಟಿಂಗ್ ಎಷ್ಟು, ಸ್ಪೀಕರು ಎಷ್ಟು ಎಂದು ಕೇಳುವ ಮೊದಲು ಇದನ್ನು ಕೇಳಿ: "ಬಾರಸೋರು ಎಷ್ಟ ಮಂದಿ ಬರ್ತಾರಪಾ?"