ದುರ್ಗದ ಗದ್ದುಗೆ: ಸೇಡಿನ ಕಥೆ, ಕೆರೆಯ ನೆನಪು

ಕೊಲೆಯಾದ ಅರಸ, ಗದ್ದುಗೆ ಕಸಿದ ದಾಯಾದಿ, ಮರೆಯಲ್ಲಿ ಬೆಳೆದು ತನ್ನ ಹಕ್ಕು ಕೇಳಲು ಬರುವ ಮಗ - ಇದು ಮನುಷ್ಯ ಹೇಳಿಕೊಂಡು ಬಂದ ಅತಿ ಹಳೆಯ ಕಥೆಗಳಲ್ಲೊಂದು. ಪ್ರಾಚೀನ ಈಜಿಪ್ಟಿನಲ್ಲಿ ಇದು ದೇವತೆಗಳ ಕಥೆಯಾಗಿತ್ತು. ಒಸಿರಿಸನನ್ನು ತಮ್ಮನಾದ ಸೆತ್ ಕೊಂದ. ಪತ್ನಿ ಐಸಿಸ್ ಗಂಡನ ದೇಹವನ್ನು ಹುಡುಕಿ ಅಲೆದಳು. ಮಗ ಹೋರಸನನ್ನು ನೈಲ್ ನದೀಮುಖದ ಜೌಗು ನೆಲದಲ್ಲಿ ಅಡಗಿಸಿ ಬೆಳೆಸಿದಳು. ಮುಂದೆ ಹೋರಸ್ ಮತ್ತು ಸೆತ್ ನಡುವಿನ ವ್ಯಾಜ್ಯ ದೇವತೆಗಳ ಸಭೆಯಲ್ಲಿ 80 ವರ್ಷ ನಡೆದು, ಕೊನೆಗೆ ಮಗನಿಗೇ ಪಟ್ಟವಾಯಿತೆಂದು ಕ್ರಿ.ಪೂ. 12ನೇ ಶತಮಾನದ ಪಪೈರಸ್ ಸುರುಳಿಯೊಂದು ಹೇಳುತ್ತದೆ.

ಗದ್ದುಗೆಗಾಗಿ ರಕ್ತ ಹರಿದ ಇಂಥ ಕಥೆ ಕನ್ನಡ ನಾಡಿನ ಚರಿತ್ರೆಯಲ್ಲೂ ಉಂಟು. ಅದು ನಡೆದದ್ದು ಚಿತ್ರದುರ್ಗದ ಏಳು ಸುತ್ತಿನ ಕೋಟೆಯೊಳಗೆ, 17ನೇ ಶತಮಾನದ ಉತ್ತರಾರ್ಧದಲ್ಲಿ. ಆದರೆ ಅಲ್ಲಿ ವಾರಸುದಾರರ ಅಳಿವು ಉಳಿವನ್ನು ತೀರ್ಮಾನಿಸಲು ದೇವಸಭೆಯಿರಲಿಲ್ಲ, ದಳವಾಯಿಗಳಿದ್ದರು.

ದುರ್ಗದ ಪಾಳೆಯಗಾರ ಮನೆತನ ತಲೆಯೆತ್ತಿದ್ದು ವಿಜಯನಗರದ ಆಶ್ರಯದಲ್ಲಿ. ಯುದ್ಧದಲ್ಲಿ ತೋರಿದ ಶೌರ್ಯಕ್ಕಾಗಿ ತಿಮ್ಮಣ್ಣ ನಾಯಕನಿಗೆ ಮೊದಲು ಹೊಳಲ್ಕೆರೆಯ, ಬಳಿಕ ಹಿರಿಯೂರು ಮತ್ತು ಚಿತ್ರದುರ್ಗದ ನಾಯಕತನ ದೊರೆಯಿತು. ಯಾರು ನಾಯಕನೆಂಬುದಕ್ಕೆ ಆಗ ಮೇಲಿನ ಅರಸನ ಮುದ್ರೆಯಿತ್ತು. 1565ರ ಯುದ್ಧದ ನಂತರ ಆ ಮುದ್ರೆಯ ಬಲ ಕುಂದುತ್ತ ಬಂತು. ಪಾಳೆಯಗಾರರು ಸ್ವತಂತ್ರರಾದರು ನಿಜ. ಆದರೆ ಅವರ ಪಟ್ಟಕ್ಕೆ ಹೊಣೆಯಾಗುವವರು ಯಾರೂ ಇಲ್ಲದಂತಾಯಿತು. ಆ ಜಾಗವನ್ನು ತುಂಬಿದವರು ಸೈನ್ಯದ ಹಿಡಿತವಿದ್ದ ದಳವಾಯಿಗಳು.

ಇದರ ಪರಿಣಾಮ ಕಂಡದ್ದು 1674ರಲ್ಲಿ, ಇಮ್ಮಡಿ ಮದಕರಿ ನಾಯಕ ತೀರಿಕೊಂಡಾಗ. ನಂತರ ಗದ್ದುಗೆಗೆ ಬಂದ ಓಬಣ್ಣ ನಾಯಕನನ್ನು ದಳವಾಯಿಗಳು ಬೇಗನೆ ಕೊಂದುಹಾಕಿದರು. ಕಾರಣ ಹಳೆಯ ವೈರವಲ್ಲ. ಅವರಿಗೆ ಸಲ್ಲಬೇಕಾದ ಹಣ ಸಂದಿರಲಿಲ್ಲ! ಮಗ ಶೂರಕಾಂತ ನಾಯಕನಿಗೆ ಪಟ್ಟ ಕಟ್ಟಿದವರೇ ಅವನನ್ನೂ ಉಳಿಸಲಿಲ್ಲ. 1676ರಿಂದ ಹತ್ತು ವರ್ಷ ಆಳಿದ ಚಿಕ್ಕಣ್ಣ ನಾಯಕನ ಕಾಲದಲ್ಲಿ ಮಾತ್ರ ಗದ್ದುಗೆ ಕೊಂಚ ನಿಂತಿತು. ಬಳಿಕ ಬಂದ ಲಿಂಗಣ್ಣ ನಾಯಕನನ್ನು ಸೆರೆಗೆ ತಳ್ಳಿ ಕೊಲ್ಲಲಾಯಿತು. ದೊಣ್ಣೆ ರಂಗಪ್ಪ ನಾಯಕನಿಗೂ ಪಟ್ಟ ದಕ್ಕಲಿಲ್ಲ. ದುರ್ಗದಲ್ಲಿ ಆಗ ದಳವಾಯಿ ಮುದ್ದಣ್ಣನ ಮಾತೇ ಮಾತಾಗಿತ್ತು. ಕೊನೆಗೆ ಅವನ ದರ್ಪವೂ ರಕ್ತಪಾತದಲ್ಲೇ ಮುಗಿಯಿತು. 1689ರಲ್ಲಿ ಬಿಳಿಚೋಡಿನ ಭರಮಪ್ಪ ನಾಯಕ ಪಟ್ಟಕ್ಕೆ ಬಂದ.

ಜನ 'ಬಿಚ್ಚುಗತ್ತಿ ಭರಮಣ್ಣ ನಾಯಕ'ನೆಂದು ಕರೆಯುವುದು ಇವನನ್ನೇ. ಬಿಚ್ಚಿದ ಕತ್ತಿಯ ಈ ನಾಯಕ ಕಥೆಗಾರರನ್ನು ಸೆಳೆದದ್ದು ಸಹಜ. ತಳುಕಿನವರಾದ ತ.ರಾ.ಸು. ಈ ದಳವಾಯಿ ದಂಗೆಯನ್ನು 'ಕಂಬನಿಯ ಕುಯಿಲು', 'ರಕ್ತರಾತ್ರಿ', 'ತಿರುಗುಬಾಣ' ಎಂಬ ಮೂರು ಕಾದಂಬರಿಗಳಾಗಿ ಹೆಣೆದರು. ದುರ್ಗದ ಇನ್ನೊಬ್ಬ ಲೇಖಕ ಬಿ.ಎಲ್. ವೇಣು ಅವರ ಕಾದಂಬರಿಯನ್ನು ಆಧರಿಸಿ 2020ರಲ್ಲಿ 'ಬಿಚ್ಚುಗತ್ತಿ' ಚಲನಚಿತ್ರ ಬಂತು. ಒಲವು, ಹಗೆ, ಒಳಸಂಚುಗಳ ಬಣ್ಣ ಬಳಿದ ಮೇಲೆ ಈ ಕಥೆ ಮನೆಮನೆಯ ಮಾತಾಯಿತು.

ಆದರೆ ಸೇಡಿನಿಂದ ಮಾತ್ರ ಗದ್ದುಗೆ ನಿಲ್ಲುತ್ತದೆಯೇ? ಒಬ್ಬ ದಳವಾಯಿ ಅಳಿದರೆ ಇನ್ನೊಬ್ಬ ಹುಟ್ಟುತ್ತಾನೆ. ಸೈನಿಕನ ಬಾಕಿ ತೀರದಿದ್ದರೆ ಕತ್ತಿ ಮತ್ತೆ ಅರಸನ ಕಡೆಗೇ ತಿರುಗುತ್ತದೆ. ಬಾಕಿ ತೀರಬೇಕಾದರೆ ಕಂದಾಯ ಬರಬೇಕು, ಕಂದಾಯಕ್ಕೆ ಬೆಳೆ ಬೇಕು. ಮಳೆ ಕಡಿಮೆಯಿರುವ ಈ ಸೀಮೆಯಲ್ಲಿ ಬೆಳೆಗೆ ಕೆರೆಯೇ ಗತಿ. ಭರಮಪ್ಪ ನಾಯಕ ಹಲವಾರು ದೇವಾಲಯಗಳನ್ನೂ ಕೆರೆಗಳನ್ನೂ ಕಟ್ಟಿಸಿದ್ದನ್ನು ಈ ಬೆಳಕಿನಲ್ಲಿ ನೋಡಬೇಕು. ಅದು ಪುಣ್ಯದ ಕೆಲಸವೂ ಹೌದು, ರಾಜ್ಯ ಉಳಿಸಿಕೊಳ್ಳುವ ಜಾಣತನವೂ ಹೌದು. ಹದಿನೈದು ವರ್ಷಗಳಲ್ಲಿ ಐವರು ನಾಯಕರನ್ನು ಕಂಡ ದುರ್ಗವನ್ನು ಅವನೊಬ್ಬನೇ 1721ರವರೆಗೆ, ಮೂವತ್ತಕ್ಕೂ ಹೆಚ್ಚು ವರ್ಷ ಆಳಿದ.

ಅವನ ಹೆಸರು ಹೊತ್ತ ಭರಮಸಾಗರದ ದೊಡ್ಡ ಕೆರೆ ಕಾಲಕ್ರಮದಲ್ಲಿ ಬರಿದಾಗಿತ್ತು. 2021ರಲ್ಲಿ ಏತ ನೀರಾವರಿಯ ಮೂಲಕ ತುಂಗಭದ್ರೆಯ ನೀರು ಅಲ್ಲಿಗೆ ಹರಿದು ಬಂತು. ದಳವಾಯಿಗಳ ಕತ್ತಿಗಳು ಎಲ್ಲಿ ಹೋದವೋ. ಮುನ್ನೂರು ವರ್ಷಗಳ ನಂತರವೂ ನೀರು ಬಂದು ನಿಲ್ಲಲು ಭರಮಪ್ಪನ ಏರಿಯೊಂದು ಉಳಿದಿತ್ತು.