ಬಟ್ಟೆ ಲಂಗೋಟಿ ಸೇಫ್, ಡೈಪರ್-ವೈಪ್ಸ್ ವಿಷ: ಈ ಫಾರ್ವರ್ಡ್‌ನಲ್ಲಿ ನಿಜ ಎಷ್ಟು?

ಮನೆಯಲ್ಲಿ ಮಗು ಹುಟ್ಟಿದ ಸುದ್ದಿ ಫ್ಯಾಮಿಲಿ ಗ್ರೂಪಿಗೆ ಬಿದ್ದ ಮರುದಿನದಿಂದಲೇ ಸಲಹೆಗಳ ಫಾರ್ವರ್ಡ್ ಶುರುವಾಗುತ್ತದೆ. ಅದರಲ್ಲಿ ಒಂದು ಧಾಟಿ ನಿಮ್ಮ ಫೋನಿಗೂ ಬಂದಿರಬಹುದು. ಅಂಗಡಿ ಡೈಪರ್ ಹಾಕಿದರೆ ಮಗುವಿನ ಕಿಡ್ನಿ ಹಾಳಾಗುತ್ತದೆ, ವೈಪ್ಸ್‌ನಲ್ಲಿ ವಿಷವಿದೆ, ಅಜ್ಜಿ ಕಾಲದ ಹಾಗೆ ಹಳೆ ಸೀರೆಯ ಬಟ್ಟೆ ಕಟ್ಟಿ, ಡೆಟಾಲ್ ನೀರಲ್ಲಿ ಒರೆಸಿ, ಪೌಡರ್ ಹಾಕಿ, ಅಷ್ಟೇ ಸಾಕು.

ಇದರಲ್ಲಿ ಸ್ವಲ್ಪ ನಿಜವಿದೆ, ಸ್ವಲ್ಪ ಸುಳ್ಳಿದೆ. ಜೊತೆಗೆ, ಇಂಥ ಮೆಸೇಜ್‌ಗಳಲ್ಲಿ ಸಾಮಾನ್ಯವಾಗಿ ಕಾಣದ ಒಂದು ಅಪಾಯವೂ ಇದೆ. ಅದು ಅಂಗಡಿಯಲ್ಲಿಲ್ಲ, ಮನೆಯ ಟ್ರಂಕಿನಲ್ಲಿದೆ. ಅದಕ್ಕೆ ಆಮೇಲೆ ಬರೋಣ, ಮೊದಲು ಕಿಡ್ನಿಯ ವಿಷಯ ಮುಗಿಸಿಬಿಡೋಣ.

ಡೈಪರ್‌ನಿಂದ ಕಿಡ್ನಿ ಹಾಳಾಗುತ್ತದೆ ಎನ್ನಲು ಯಾವ ಆಧಾರವೂ ಇಲ್ಲ. ದೇಹದಿಂದ ಹೊರಬಂದ ಮೂತ್ರ ಮತ್ತೆ ಒಳಗೆ ಹೋಗುವುದಿಲ್ಲ. ಕಕ್ಕ ಮಾಡಿದ ಡೈಪರನ್ನೋ ಬಟ್ಟೆಯನ್ನೋ ಗಂಟೆಗಟ್ಟಲೆ ಹಾಗೇ ಬಿಟ್ಟರೆ ಮಲದ ಬ್ಯಾಕ್ಟೀರಿಯಾ ಮೂತ್ರದ್ವಾರದ ಹತ್ತಿರ ಹರಡಬಹುದು. ಹೆಣ್ಣುಮಕ್ಕಳನ್ನು ಮುಂದಿನಿಂದ ಹಿಂದಕ್ಕೆ ಒರೆಸಬೇಕು ಎಂದು ನರ್ಸುಗಳು ಹೇಳುವುದು ಇದಕ್ಕೇ. ಆದರೆ ಈ ತೊಂದರೆ ಬಟ್ಟೆಗೂ ಅಷ್ಟೇ, ಡೈಪರ್‌ಗೂ ಅಷ್ಟೇ.

ಚರ್ಮ ಕೆಂಪಾಗುವುದು ಯಾಕೆ?

ಮಗುವಿನ ಕುಂಡೆ, ತೊಡೆಸಂದು ಕೆಂಪಾದರೆ ನಾವು ತಕ್ಷಣ ದೂರುವುದು ಉಚ್ಚೆಯನ್ನು. ಮೂತ್ರದಿಂದ ಏಳುವ ಅಮೋನಿಯವೇ ಚರ್ಮವನ್ನು ಸುಡುತ್ತದೆ ಎಂದು ವೈದ್ಯರೂ ದಶಕಗಳ ಕಾಲ ನಂಬಿದ್ದರು. ಆಮೇಲೆ ಪರೀಕ್ಷಿಸಿ ನೋಡಿದಾಗ, ದದ್ದು ಇರುವ ಮಕ್ಕಳಲ್ಲೂ ಇಲ್ಲದ ಮಕ್ಕಳಲ್ಲೂ ಅಮೋನಿಯ ಹೆಚ್ಚುಕಡಿಮೆ ಒಂದೇ ಇತ್ತು. ಹಾಗಾದರೆ ಸುಡುವುದು ಏನು?

ಉಚ್ಚೆ ಮತ್ತು ಕಕ್ಕ ಒಂದೇ ಕಡೆ ಸೇರಿ ಕೂರುವುದು. ಮಲದಲ್ಲಿರುವ ಬ್ಯಾಕ್ಟೀರಿಯಾ ಮೂತ್ರದ ಯೂರಿಯವನ್ನು ಒಡೆದು ಅಮೋನಿಯ ಮಾಡುತ್ತವೆ. ಅದರಿಂದ ಚರ್ಮದ ಮೇಲಿನ ಸಹಜ ಆಮ್ಲೀಯತೆ ಕಡಿಮೆಯಾಗುತ್ತದೆ. ಆಗ ಮಲದಲ್ಲಿರುವ, ಪ್ರೋಟೀನ್ ಮತ್ತು ಕೊಬ್ಬನ್ನು ಕರಗಿಸುವ ಕಿಣ್ವಗಳು ಚುರುಕಾಗುತ್ತವೆ. ಹೊಟ್ಟೆಯೊಳಗೆ ಹಾಲನ್ನು ಅರಗಿಸುವ ಕೆಲಸದವುಗಳು ಹೊರಗೆ ಚರ್ಮವನ್ನೇ ಅರಗಿಸಲು ಶುರುಮಾಡುತ್ತವೆ ಅನ್ನಿ. ಒದ್ದೆಯಲ್ಲಿ ನೆನೆದು ಮೆತ್ತಗಾದ ಚರ್ಮ ಬಟ್ಟೆಗೆ ಉಜ್ಜಿದರೆ ಸಾಕು, ಸುಲಿಯುತ್ತದೆ. ಮಗುವಿಗೆ ಬೇಧಿಯಾದಾಗ ಒಂದೇ ದಿನದಲ್ಲಿ ಕುಂಡೆ ಕೆಂಪಾಗುವುದು ಇದಕ್ಕೇ. ಎದೆಹಾಲು ಮಾತ್ರ ಕುಡಿಯುವ ಮಕ್ಕಳ ಮಲದಲ್ಲಿ ಆಮ್ಲೀಯತೆ ಹೆಚ್ಚು, ಯೂರಿಯ ಒಡೆಯುವ ಬ್ಯಾಕ್ಟೀರಿಯಾ ಕಡಿಮೆ, ಆದ್ದರಿಂದ ಅವರಿಗೆ ಈ ಕಾಟವೂ ಕಡಿಮೆ.

ಅಂದರೆ ಯಾವ ಬಟ್ಟೆ ಅನ್ನುವುದಕ್ಕಿಂತ ಅದು ಎಷ್ಟು ಹೊತ್ತು ಒದ್ದೆಯಾಗಿತ್ತು, ಅದರಲ್ಲಿ ಏನೇನಿತ್ತು ಅನ್ನುವುದು ಮುಖ್ಯ. ಅಂಗಡಿ ಡೈಪರ್ ಮತ್ತು ಬಟ್ಟೆ, ಈ ಎರಡರಲ್ಲಿ ಯಾವುದು ದದ್ದು ತಡೆಯುತ್ತದೆ ಎಂದು ಅದುವರೆಗಿನ ಅಧ್ಯಯನಗಳನ್ನೆಲ್ಲ ಒಟ್ಟಿಗೆ ಇಟ್ಟು ನೋಡಿದ 2006ರ ಕಾಕ್ರೇನ್ ವಿಮರ್ಶೆ, ತೀರ್ಮಾನ ಹೇಳುವಷ್ಟು ಗಟ್ಟಿ ಪುರಾವೆ ಇಲ್ಲ ಎಂದಿತು. ಡೈಪರ್‌ನೊಳಗಿನ ಜೆಲ್ ನೀರನ್ನು ಹಿಡಿದಿಟ್ಟು ಚರ್ಮವನ್ನು ಒಣಗಿಸಿಡುತ್ತದೆ, ಅದು ಅದರ ಗುಣ. ಬಟ್ಟೆ ಒದ್ದೆಯಾದ ಕೂಡಲೇ ಗೊತ್ತಾಗುತ್ತದೆ, ತಕ್ಷಣ ಬದಲಿಸುತ್ತೇವೆ, ಇದು ಇದರ ಗುಣ. ದಿನಕ್ಕೆ ಎಷ್ಟು ಸಲ ಉಚ್ಚೆ ಮಾಡಿತು ಎಂದು ಲೆಕ್ಕ ಇಡಲೂ ಬಟ್ಟೆಯೇ ಸಲೀಸು. ಮೊದಲ ವಾರ ಕಳೆದ ಮೇಲೆ ದಿನಕ್ಕೆ ಆರು ಸಲವಾದರೂ ಒದ್ದೆಯಾಗುತ್ತಿದ್ದರೆ ಹಾಲು ಸಾಲುತ್ತಿದೆ ಎಂದರ್ಥ. ಆದರೆ ಬಟ್ಟೆಯ ಮೇಲೆ ಪ್ಲಾಸ್ಟಿಕ್ ಚಡ್ಡಿ ಬಿಗಿದರೆ ಈ ಲಾಭವೆಲ್ಲ ಹೋಯಿತು. ಗಾಳಿ ಇಲ್ಲ, ಒದ್ದೆ ಒಳಗೇ.

ವೈಪ್ಸ್ ವಿಷವೇ?

ಇಂಗ್ಲೆಂಡಿನ ಮ್ಯಾಂಚೆಸ್ಟರ್‌ನಲ್ಲಿ 280 ನವಜಾತ ಶಿಶುಗಳನ್ನು ಎರಡು ಗುಂಪು ಮಾಡಿ, ಒಂದಕ್ಕೆ ಹತ್ತಿ ಮತ್ತು ನೀರು, ಇನ್ನೊಂದಕ್ಕೆ ಒಂದು ಬಗೆಯ ಬೇಬಿ ವೈಪ್ಸ್ ಬಳಸಿ ನಾಲ್ಕು ವಾರ ನೋಡಿದರು. 2012ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ಚರ್ಮದ ತೇವಾಂಶದ ವಿಷಯದಲ್ಲಿ ವೈಪ್ಸ್ ನೀರಿಗಿಂತ ಕಡಿಮೆಯೇನೂ ಆಗಲಿಲ್ಲ. ಹಾಗಾಗಿ ವಿಷ ಎನ್ನುವುದು ಅತಿಯಾಯಿತು.

ಹಾಗಂತ ಎಲ್ಲ ಪ್ಯಾಕೆಟ್ಟೂ ಒಂದೇ ಅಲ್ಲ. ಮೀಥೈಲ್ ಐಸೋಥಯಾಜೋಲಿನೋನ್ ಎಂಬ ಸಂರಕ್ಷಕವಿದ್ದ ವೈಪ್ಸ್‌ನಿಂದ ಆರು ಮಕ್ಕಳಿಗೆ ಅಲರ್ಜಿ ದದ್ದು ಬಂದದ್ದನ್ನು ಅಮೆರಿಕದ ವೈದ್ಯರು 2014ರಲ್ಲಿ ವರದಿ ಮಾಡಿದರು. ತೊಳೆಯದೆ ಚರ್ಮದ ಮೇಲೆ ಹಾಗೇ ಉಳಿಯುವ ಉತ್ಪನ್ನಗಳಲ್ಲಿ ಇದನ್ನು ಬಳಸುವುದನ್ನು ಐರೋಪ್ಯ ಒಕ್ಕೂಟ 2017ರಲ್ಲಿ ನಿಲ್ಲಿಸಿತು. ಹೆಸರು ನಾಲಿಗೆ ತಿರುಚುವಂಥದ್ದು, ಆದರೂ ಪ್ಯಾಕೆಟ್ಟಿನ ಹಿಂದೆ ಹುಡುಕಿ ನೋಡಿ. ಪರಿಮಳ ಇರುವುದು, ಆಲ್ಕೋಹಾಲ್ ಇರುವುದು ಮಗುವಿಗೆ ಬೇಡ. ಮನೆಯಲ್ಲಿದ್ದಾಗ ಉಗುರು ಬೆಚ್ಚಗಿನ ನೀರು, ಮೆತ್ತನೆಯ ಬಟ್ಟೆ ಸಾಕು. ಬಸ್ಸಿನಲ್ಲೋ ಮದುವೆ ಮನೆಯಲ್ಲೋ ವೈಪ್ಸ್ ಬಳಸಿದರೆ ಪಾಪವೇನಿಲ್ಲ. ಒರೆಸುವಾಗ ಉಜ್ಜಬೇಡಿ, ಒತ್ತಿ ತೆಗೆಯಿರಿ. ಆಮೇಲೆ ಚರ್ಮ ಒಣಗುವವರೆಗೆ ಐದು ನಿಮಿಷ ಬರಿಮೈಯಲ್ಲಿ ಬಿಡಿ. ಗಂಡುಮಗುವಿನ ಶಿಶ್ನದ ಮುಂದೊಗಲನ್ನು ಎಳೆದು ತೊಳೆಯುವ ಅಗತ್ಯ ಇಲ್ಲವೇ ಇಲ್ಲ.

ಪೌಡರ್ ಬಿಟ್ಟುಬಿಡಿ. ಹಾರುವ ಪುಡಿ ಮಗುವಿನ ಶ್ವಾಸಕ್ಕೆ ಹೋಗುತ್ತದೆ, ಒದ್ದೆಯಾದರೆ ಮಡಿಕೆಗಳಲ್ಲಿ ಮುದ್ದೆಗಟ್ಟಿ ಉಜ್ಜುತ್ತದೆ. ಡೆಟಾಲ್, ಸ್ಯಾವ್ಲಾನ್ ನೀರಲ್ಲಿ ಕುಂಡೆ ತೊಳೆಯುವುದೂ ಬೇಡ. ಮೊದಲೇ ಸುಲಿದ ಚರ್ಮಕ್ಕೆ ಅದು ಇನ್ನಷ್ಟು ಉರಿ. ಕೆಂಪಾಗಿದ್ದರೆ ಝಿಂಕ್ ಆಕ್ಸೈಡ್ ಇರುವ ಕ್ರೀಮನ್ನು ದಪ್ಪಗೆ ಹಚ್ಚಿದರೆ ಉಚ್ಚೆ-ಕಕ್ಕಕ್ಕೂ ಚರ್ಮಕ್ಕೂ ನಡುವೆ ಒಂದು ಪದರವಾಗುತ್ತದೆ. ಪ್ರತಿ ಸಲ ಅದನ್ನು ಪೂರ್ತಿ ಕೆರೆದು ತೆಗೆಯಬೇಕಾಗಿಲ್ಲ, ಮೇಲಿನ ಕೊಳೆ ಹೋದರೆ ಸಾಕು.

ಕೆಂಪು ಎರಡು ಮೂರು ದಿನದಲ್ಲಿ ಇಳಿಯದಿದ್ದರೆ, ಮಡಿಕೆಗಳ ಒಳಗೇ ಗಾಢ ಕೆಂಪಾಗಿ ಸುತ್ತ ಸಣ್ಣ ಸಣ್ಣ ಚುಕ್ಕೆ ಎದ್ದಿದ್ದರೆ ಅದು ಶಿಲೀಂಧ್ರದ ಸೋಂಕು ಇರಬಹುದು. ಗುಳ್ಳೆ, ಕೀವು, ಜ್ವರ ಕಂಡರಂತೂ ಕಾಯಬೇಡಿ. ಇಲ್ಲಿ ಒಂದು ಮಾತು ಗಟ್ಟಿಯಾಗಿ ಹೇಳಬೇಕು. ಮೆಡಿಕಲ್ ಶಾಪಿನಲ್ಲಿ ಕೇಳಿ ತರುವ, ತುರಿಕೆಗೂ ಹುಳುಕಡ್ಡಿಗೂ ಒಂದೇ ಎಂಬಂತೆ ಬಳಸುವ ಕ್ರೀಮುಗಳಲ್ಲಿ ಎಷ್ಟೋ ಸಲ ಜೋರಾದ ಸ್ಟಿರಾಯ್ಡ್ ಇರುತ್ತದೆ. ಮಗುವಿನ ತೆಳು ಚರ್ಮದ ಮೇಲೆ ಹಚ್ಚಿ ಮೇಲೆ ಡೈಪರ್ ಮುಚ್ಚಿದರೆ ಅದು ಹೆಚ್ಚು ಹೀರಿಕೊಂಡು ರಕ್ತಕ್ಕೆ ಸೇರುತ್ತದೆ. ವೈದ್ಯರನ್ನು ಕೇಳದೆ ಹಚ್ಚಬೇಡಿ.

ಒಗೆಯುವುದು ಹೇಗೆ?

ಮೊದಲು ಕಕ್ಕ ತೆಗೆದು ತಣ್ಣೀರಲ್ಲಿ ಜಾಲಿಸಿ, ಆಮೇಲೆ ಸೋಪು ಹಾಕಿ, ಬಿಸಿನೀರಿದ್ದರೆ ಇನ್ನೂ ಒಳ್ಳೆಯದು. ಮುಖ್ಯವಾದದ್ದು ಅದರ ನಂತರದ್ದು. ನೊರೆ ಪೂರ್ತಿ ಹೋಗುವವರೆಗೆ ಎರಡು ಮೂರು ನೀರು ಜಾಲಿಸಬೇಕು. ಬಟ್ಟೆಯಲ್ಲಿ ಉಳಿದ ಸೋಪು ಮರುದಿನ ಉಚ್ಚೆಯಲ್ಲಿ ಕರಗಿ ಮಗುವಿನ ಮೈಗೇ ಹತ್ತುತ್ತದೆ. ಬೋರ್‌ವೆಲ್‌ನ ಗಡಸು ನೀರಿರುವ ಕಡೆ ಸೋಪು ಸರಿಯಾಗಿ ಬಿಡದೆ ಬಟ್ಟೆ ಒರಟಾಗುತ್ತದೆ, ಅಂಥಲ್ಲಿ ಸೋಪು ಕಡಿಮೆ ಹಾಕಿ ನೀರು ಹೆಚ್ಚು ಮಾಡಿ. ಮೆತ್ತಗಾಗಲಿ ಎಂದು ಫ್ಯಾಬ್ರಿಕ್ ಸಾಫ್ಟ್‌ನರ್ ಹಾಕಿದರೆ ಬಟ್ಟೆ ನೀರು ಹೀರುವುದನ್ನೇ ಕಡಿಮೆ ಮಾಡುತ್ತದೆ. ಬಿಸಿಲಲ್ಲಿ ಪೂರ್ತಿ ಒಣಗಿಸಿ. ಮಲೆನಾಡು, ಕರಾವಳಿಯ ಮಳೆಗಾಲದಲ್ಲಿ ಒಣಗದಿದ್ದರೆ ಇಸ್ತ್ರಿ ಪೆಟ್ಟಿಗೆಯೇ ಗತಿ.

ಟ್ರಂಕಿನೊಳಗಿನ ಅಪಾಯ

ಹೆರಿಗೆಗೆ ತವರಿಗೆ ಬಂದ ಮಗಳಿಗಾಗಿ ಅಮ್ಮ ಟ್ರಂಕು ತೆಗೆದು ಹಳೆಯ ಕಾಟನ್ ಸೀರೆ, ಪಂಚೆ ಹೊರಗೆ ಹಾಕುತ್ತಾರೆ. ನೂರಾರು ಸಲ ಒಗೆದು ಬೆಣ್ಣೆಯಂತಾದ ಬಟ್ಟೆ. ಲಂಗೋಟಿಗೆ, ಕೌದಿಗೆ ಇದಕ್ಕಿಂತ ಒಳ್ಳೆಯದು ಸಿಗುವುದಿಲ್ಲ, ಆ ಮಾತು ಖಂಡಿತ ನಿಜ. ಆದರೆ ಆ ಬಟ್ಟೆಗೆ ಬಿಳಿ ಗುಳಿಗೆಯ ವಾಸನೆ ಬರುತ್ತಿದೆಯೇ? ಕೆಲವರು ನುಸಿಗುಳಿಗೆ ಎನ್ನುತ್ತಾರೆ, ಕೆಲವರು ಡಾಂಬರು ಗುಳಿಗೆ. ಹಲವು ಗುಳಿಗೆಗಳಲ್ಲಿ ಇರುವುದು ನ್ಯಾಫ್ತಲೀನ್.

ನಮ್ಮ ಕೆಂಪು ರಕ್ತಕಣಗಳು ಇಂಥ ರಾಸಾಯನಿಕಗಳ ಹೊಡೆತ ತಡೆಯಲು ಜಿ-6-ಪಿಡಿ ಎಂಬ ಕಿಣ್ವವನ್ನು ನೆಚ್ಚಿಕೊಂಡಿವೆ. ಕೆಲವರಲ್ಲಿ ಹುಟ್ಟಿನಿಂದಲೇ ಅದು ಕಡಿಮೆ. ಇದರ ಜೀನ್ ಎಕ್ಸ್ ಕ್ರೋಮೋಸೋಮಿನಲ್ಲಿ ಇರುವುದರಿಂದ ಗಂಡುಮಕ್ಕಳಲ್ಲಿ ಹೆಚ್ಚು. ಭಾರತದಲ್ಲೂ ಇದು ಇದೆ, ಕೆಲವು ಸಮುದಾಯಗಳಲ್ಲಿ ಜಾಸ್ತಿ. ಎಷ್ಟೋ ಮಂದಿಗೆ ತಮಗೆ ಇದು ಇದೆ ಎಂದು ಗೊತ್ತೇ ಇರುವುದಿಲ್ಲ, ಏಕೆಂದರೆ ದಿನನಿತ್ಯ ಏನೂ ತೊಂದರೆ ಕೊಡುವುದಿಲ್ಲ. ಅಂಥ ಮಗುವಿಗೆ ನ್ಯಾಫ್ತಲೀನ್ ತಗುಲಿದರೆ ಕೆಂಪು ಕಣಗಳು ಗುಂಪುಗುಂಪಾಗಿ ಒಡೆಯುತ್ತವೆ. ಒಡೆದ ಕಣಗಳಿಂದ ಬರುವ ಬಿಲಿರುಬಿನ್ ಎಂಬ ಹಳದಿ ವಸ್ತುವನ್ನು ಎಳೆಮಗುವಿನ ಲಿವರ್ ಸಂಭಾಳಿಸಲಾರದು. ಕಾಮಾಲೆ ಏರುತ್ತದೆ. ಮಿತಿ ಮೀರಿದರೆ ಅದು ಮಿದುಳಿಗೆ ಸೇರಿ ಶಾಶ್ವತ ಹಾನಿ ಮಾಡುತ್ತದೆ.

ಇದು ಹೆದರಿಸಲು ಹೇಳಿದ ಕಥೆಯಲ್ಲ. 1963ರಲ್ಲಿ ಗ್ರೀಸ್‌ನ ವೈದ್ಯರು ಹೀಗೆ ನ್ಯಾಫ್ತಲೀನ್‌ನಿಂದ ರಕ್ತಕಣ ಒಡೆದ 21 ಶಿಶುಗಳ ವಿವರ ಪ್ರಕಟಿಸಿದರು. ಅವರಲ್ಲಿ ಇಬ್ಬರು ತೀರಿಕೊಂಡರು. ಬಹುತೇಕ ಮಕ್ಕಳ ಮೈಗೆ ಗುಳಿಗೆ ಇಟ್ಟ ಬಟ್ಟೆ ತಾಗಿಯೇ ಇರಲಿಲ್ಲ, ಹತ್ತಿರದಲ್ಲಿದ್ದ ಬಟ್ಟೆಗಳ ಆವಿಯೇ ಸಾಕಾಯಿತು. ಗುಳಿಗೆಯೊಂದಿಗೆ ಇಟ್ಟಿದ್ದ ಲಂಗೋಟಿ ಹಾಕಿದ ಮಕ್ಕಳಿಗೆ ಹೀಗಾದದ್ದು ಅದಕ್ಕೂ ಮುಂಚೆ, 1950ರ ದಶಕದಲ್ಲೇ ವರದಿಯಾಗಿತ್ತು. ಮೈಗೆ ಎಣ್ಣೆ ಹಚ್ಚಿದ್ದರೆ ನ್ಯಾಫ್ತಲೀನ್ ಇನ್ನೂ ಸುಲಭವಾಗಿ ಒಳಗೆ ಇಳಿಯುತ್ತದೆ, ಏಕೆಂದರೆ ಅದು ನೀರಿನಲ್ಲಿ ಹೆಚ್ಚು ಕರಗದು, ಎಣ್ಣೆಯಲ್ಲಿ ಕರಗುತ್ತದೆ. ದಿನಾ ಎಣ್ಣೆ ತಿಕ್ಕಿ ಎರೆಯುವ ನಮ್ಮ ಮನೆಗಳಲ್ಲಿ ಇದನ್ನು ನೆನಪಿಡಲೇಬೇಕು.

ಗುಳಿಗೆ ವಾಸನೆ ಬರುವ ಬಟ್ಟೆಯನ್ನು ಒಂದು ಸಲ ನೀರಲ್ಲಿ ಜಾಲಿಸಿ ಕಟ್ಟಿದರೆ ಸಾಲದು. ನವಜಾತ ಮಗುವಿಗೆ ಅದನ್ನು ಬಿಟ್ಟು ದಿನಬಳಕೆಯ, ಗುಳಿಗೆ ಸೋಕದ ಹಳೆ ಬಟ್ಟೆಯನ್ನೇ ಆರಿಸಿ. ಕೌದಿ, ರಗ್ಗು, ಉಣ್ಣೆ ಟೋಪಿ, ದೊಡ್ಡ ಮಗುವಿನದು ಎಂದು ಎತ್ತಿಟ್ಟ ಸ್ವೆಟರ್, ಇವನ್ನೂ ಮೂಸಿ ನೋಡಿ. ಬಾಣಂತಿ ಕೋಣೆಯ ಬೀರುವಿನಲ್ಲಿ ಗುಳಿಗೆ ಇದ್ದರೆ ಮಗು ಮನೆಗೆ ಬರುವ ಮೊದಲೇ ತೆಗೆದು ಬಟ್ಟೆಗಳನ್ನು ಬೇರೆ ಕಡೆ ಸಾಗಿಸಿ. ಗುಳಿಗೆ ಬದಲು ಕರ್ಪೂರ ಇಡೋಣ ಎಂದುಕೊಳ್ಳಬೇಡಿ, ಅದೂ ಮಕ್ಕಳಿಗೆ ವಿಷವೇ. ಚೆನ್ನಾಗಿ ಒಗೆದು, ಖಡಕ್ಕಾಗಿ ಒಣಗಿಸಿ, ಬಿಗಿ ಮುಚ್ಚಳದ ಡಬ್ಬಿಯಲ್ಲಿಟ್ಟರೆ ನುಸಿ ಬರುವುದು ಕಷ್ಟ.

ಇನ್ನು ಬಟ್ಟೆ ಲಂಗೋಟಿಯೇ ಹೇಳುವ ಒಂದು ಸೂಚನೆ ಇದೆ. ಎಳೆಮಗುವಿನ ಉಚ್ಚೆ ಬಿಳಿ ಬಟ್ಟೆಯ ಮೇಲೆ ಹೆಚ್ಚು ಕಲೆ ಬಿಡುವುದಿಲ್ಲ. ಗಾಢ ಹಳದಿಯೋ, ಡಿಕಾಕ್ಷನ್‌ನಂಥ ಕಂದು ಬಣ್ಣವೋ ಕಂಡರೆ, ಮಗು ಬಿಳಿಚಿಕೊಂಡಿದ್ದರೆ, ಹಳದಿ ಹೊಟ್ಟೆ-ಕಾಲಿನವರೆಗೆ ಇಳಿದಿದ್ದರೆ, ಎಬ್ಬಿಸಿದರೂ ಹಾಲು ಕುಡಿಯದೆ ಜೋಲುತ್ತಿದ್ದರೆ ಎಳೆ ಬಿಸಿಲು ಕಾಯಿಸುತ್ತಾ ಕೂರದೆ ಅದೇ ಹೊತ್ತಿಗೆ ಮಕ್ಕಳ ವೈದ್ಯರಿರುವ ಆಸ್ಪತ್ರೆಗೆ ಹೋಗಿ. ಮೊದಲ ವಾರ ಮಕ್ಕಳಿಗೆ ಸ್ವಲ್ಪ ಹಳದಿ ಆಗುವುದು ಸಾಮಾನ್ಯ, ಆದರೆ ಎಷ್ಟು ಹಳದಿ ಎಂದು ಅಳೆಯುವುದು ಕಣ್ಣಿನ ಕೆಲಸವಲ್ಲ, ರಕ್ತಪರೀಕ್ಷೆಯ ಕೆಲಸ. ಮನೆಯಲ್ಲಿ ಗುಳಿಗೆ ಇತ್ತು ಎಂದರೆ ಅದನ್ನು ಮರೆಯದೆ ವೈದ್ಯರಿಗೆ ಹೇಳಿ. ಅವರಾಗಿ ಕೇಳದೆಯೂ ಇರಬಹುದು.