ಲಿಚ್‌ಫೀಲ್ಡಿನ ವೈದ್ಯ ಎರಾಸ್ಮಸ್ ಡಾರ್ವಿನ್

ಡಾರ್ವಿನ್ ಎಂಬ ಹೆಸರನ್ನು ಕೇಳದ ಪ್ರೌಢಶಾಲಾ ವಿದ್ಯಾರ್ಥಿ ಇರಲಾರನು. ಆದರೆ ಜೀವವಿಕಾಸವಾದದ ಚಾರ್ಲ್ಸ್ ಡಾರ್ವಿನ್ನನ ತಂದೆಯ ತಂದೆಯಾದ ಎರಾಸ್ಮಸ್ ಡಾರ್ವಿನ್ನನನ್ನು ಬಲ್ಲವರು ಅಧ್ಯಾಪಕರಲ್ಲಿಯೂ ವಿರಳ. ಈತನು ವೈದ್ಯ, ಕವಿ, ಯಂತ್ರಕುಶಲಿ, ಸಸ್ಯಶಾಸ್ತ್ರಜ್ಞ, ಎಲ್ಲವೂ ಆಗಿದ್ದನು. ಆದರೆ ರಾಜಧಾನಿಯಿಂದ ದೂರದ ಊರಿನಲ್ಲಿದ್ದುಕೊಂಡು ಶಾಸ್ತ್ರವನ್ನು ತನ್ನ ಜನರ ನುಡಿಗೆ ತರಲು ಈತನು ಪಟ್ಟ ಶ್ರಮವೇ ನಮಗೆ ಹೆಚ್ಚು ಮುಖ್ಯವೆಂದು ತೋರುತ್ತದೆ.

ಎರಾಸ್ಮಸನು 1731ನೆಯ ಡಿಸೆಂಬರ್ 12ರಂದು ನಾಟಿಂಗ್‌ಹ್ಯಾಮ್‌ಷೈರಿನ ಎಲ್ಸ್ಟನ್ನಿನಲ್ಲಿ ಜನಿಸಿದನು. ಕೇಂಬ್ರಿಜ್ ಮತ್ತು ಎಡಿನ್‌ಬರೋಗಳಲ್ಲಿ ಓದಿ 1756ರಲ್ಲಿ ಲಿಚ್‌ಫೀಲ್ಡಿನಲ್ಲಿ ವೈದ್ಯವೃತ್ತಿಗೆ ನಿಂತನು. ಸ್ಥೂಲಕಾಯ, ತೊದಲುವ ನಾಲಿಗೆ. 1768ರಲ್ಲಿ ಗಾಡಿಯಿಂದ ಬಿದ್ದು ಮೊಣಕಾಲಿನ ಚಿಪ್ಪು ಒಡೆದ ಮೇಲೆ ಕುಂಟುನಡೆಯೂ ಸೇರಿತು. ಆದರೂ ಕೆಟ್ಟ ದಾರಿಗಳಲ್ಲಿ ಹಳ್ಳಿಹಳ್ಳಿ ತಿರುಗಿ, ಬಡವರಿಂದ ಹಣ ಪಡೆಯದೆ ಚಿಕಿತ್ಸೆ ಮಾಡಿದನು. ಬರವಣಿಗೆಯ ಬಹುಭಾಗ ನಡೆದದ್ದು ಗಾಡಿಯೊಳಗೇ. ಮೂರನೆಯ ಜಾರ್ಜ್ ದೊರೆ ಕರೆದರೂ ಈತನು ಲಂಡನ್ನಿಗೆ ಹೋಗಲಿಲ್ಲವೆನ್ನುತ್ತಾರೆ.

ಹೋಗಬೇಕಾದ ಅಗತ್ಯವೂ ಇರಲಿಲ್ಲ. ಉಗಿಯಂತ್ರದ ಜೇಮ್ಸ್ ವಾಟ್, ಕುಂಭೋದ್ಯಮಿ ವೆಡ್ಜ್‌ವುಡ್, ರಸಾಯನಶಾಸ್ತ್ರಜ್ಞ ಪ್ರೀಸ್ಟ್‌ಲಿ ಮೊದಲಾದವರು ಬರ್ಮಿಂಗ್‌ಹ್ಯಾಮಿನ ಸುತ್ತಿನಲ್ಲಿ ಹುಣ್ಣಿಮೆಯ ಆಸುಪಾಸಿನಲ್ಲಿ ಕೂಡುತ್ತಿದ್ದ ಚಂದ್ರಗೋಷ್ಠಿಗೆ ಈತನೂ ಸದಸ್ಯನು. ಹುಣ್ಣಿಮೆಯನ್ನು ಆರಿಸಿದ್ದು ಕಾವ್ಯಭಾವದಿಂದಲ್ಲ, ರಾತ್ರಿ ಬೆಳದಿಂಗಳಿನಲ್ಲಿ ಮನೆಗೆ ಮರಳಲು.

ಲಿನೀಯಸನ ಸಸ್ಯಗ್ರಂಥಗಳು ಲ್ಯಾಟಿನ್ನಿನಲ್ಲಿದ್ದವು. ಅವನ್ನು ಇಂಗ್ಲಿಷಿಗೆ ತರಲೆಂದು ಡಾರ್ವಿನ್ ‘ಲಿಚ್‌ಫೀಲ್ಡ್ ಸಸ್ಯಶಾಸ್ತ್ರ ಸಂಘ’ವನ್ನು ಸ್ಥಾಪಿಸಿದನು. ಸದಸ್ಯರು ಒಟ್ಟು ಮೂವರು! ಪರಿಭಾಷೆಗಾಗಿ, ಅದೇ ಊರಿನಲ್ಲಿ ಹುಟ್ಟಿದ ನಿಘಂಟುಕಾರ ಸಾಮ್ಯುಯಲ್ ಜಾನ್ಸನ್ನನ ಸಲಹೆಯನ್ನೂ ಪಡೆದರು. 1783ರಿಂದ ಅನುವಾದದ ಸಂಪುಟಗಳು ಹೊರಬಂದವು. ವಿಲಿಯಂ ವಿದರಿಂಗ್ ಎಂಬ ಇನ್ನೊಬ್ಬ ವೈದ್ಯನು 1776ರಲ್ಲಿ ಬರೆದ ಸಸ್ಯಗ್ರಂಥದಲ್ಲಿ, ಸ್ತ್ರೀಯರೂ ಓದುವರೆಂಬ ಸಂಕೋಚದಿಂದ, ಹೂವಿನ ಗಂಡುಹೆಣ್ಣು ಭೇದದ ಮಾತನ್ನೇ ಬಿಟ್ಟು ಕೇಸರ ಶಲಾಕೆಗಳಿಗೆ ಮನೆಮಾತಿನ ಹೆಸರುಗಳನ್ನು ಕೊಟ್ಟಿದ್ದನು. ಡಾರ್ವಿನ್ ಇದಕ್ಕೆ ಒಪ್ಪಲಿಲ್ಲ. ಶಾಸ್ತ್ರದ ಖಚಿತತೆ ಕೆಡಬಾರದೆಂಬುದು ಆತನ ಪಕ್ಷ. ‘ಪುಂಕೇಸರ’ವೆಂಬ ಪದವನ್ನು ಹಲಗೆಯ ಮೇಲೆ ಬರೆದು, ಮರುಕ್ಷಣವೇ ದಾಸವಾಳವನ್ನು ಬಿಡಿಸಿ ತೋರಿಸಬೇಕಾದ ನಮಗೆ ಈ ವಿವಾದ ಹೊಸದಲ್ಲ. ಖಚಿತ ಪದ ಬೇಕು, ಹೂವೂ ಬೇಕು. 1789ರ ‘ಸಸ್ಯಗಳ ಪ್ರಣಯ’ ಎಂಬ ಕಾವ್ಯದಲ್ಲಿ ಡಾರ್ವಿನ್ ಈ ಎರಡನ್ನೂ ಕೂಡಿಸಿದನು: ಮೇಲೆ ಪದ್ಯ, ಕೆಳಗೆ ಉದ್ದುದ್ದನೆಯ ಶಾಸ್ತ್ರೀಯ ಟಿಪ್ಪಣಿ. ಪದ್ಯಕ್ಕಿಂತ ಟಿಪ್ಪಣಿಯೇ ಬಾಳಿಕೆ ಬಂದಿತೆಂದರೆ ಕಾವ್ಯಪ್ರಿಯರು ಕೋಪಿಸಬಾರದು.

ವಿದರಿಂಗನೊಡನೆ ಇನ್ನೊಂದು ಪ್ರಸಂಗವುಂಟು. ಡಾರ್ವಿನ್ನನ ಹಿರಿಯ ಮಗ ಚಾರ್ಲ್ಸನು ಎಡಿನ್‌ಬರೋದಲ್ಲಿ ಶವಪರೀಕ್ಷೆ ಮಾಡುವಾಗ ತಗುಲಿದ ಸೋಂಕಿನಿಂದ 1778ರಲ್ಲಿ, ಇನ್ನೂ ಹತ್ತೊಂಬತ್ತರ ಹರೆಯದಲ್ಲಿ, ಮಡಿದನು. 1780ರಲ್ಲಿ ತಂದೆಯು ಮಗನ ಪ್ರಬಂಧವನ್ನು ಅಚ್ಚು ಮಾಡಿಸಿ, ನೀರುಬಾವಿಗೆ ಫಾಕ್ಸ್‌ಗ್ಲವ್ ಗಿಡದ ಔಷಧ ಕೊಟ್ಟ ಪ್ರಕರಣಗಳನ್ನು ಕೊನೆಯಲ್ಲಿ ಸೇರಿಸಿದನು. ಆ ಔಷಧವನ್ನು ವರ್ಷಗಟ್ಟಲೆ ಪರೀಕ್ಷಿಸುತ್ತಿದ್ದವನು ವಿದರಿಂಗ್. ಆತನ ಹೆಸರೇ ಅಲ್ಲಿಲ್ಲ. ವಿದರಿಂಗನು 1785ರಲ್ಲಿ ತನ್ನ ಗ್ರಂಥವನ್ನು ಪ್ರಕಟಿಸಿದನು; ಇಬ್ಬರ ಸ್ನೇಹವೂ ಮುರಿಯಿತು. ಪುತ್ರಶೋಕವನ್ನು ನಾವು ಬಲ್ಲೆವು, ಆದರೆ ಈ ಮೌನವನ್ನು ಸಮರ್ಥಿಸಲಾರೆವು.

1783ರಲ್ಲಿ ಡಾರ್ವಿನ್ ಡರ್ಬಿಗೆ ನೆಲೆ ಬದಲಾಯಿಸಿದನು. ವಿವಾಹಬಾಹಿರವಾಗಿ ಹುಟ್ಟಿದ ಇಬ್ಬರು ಹೆಣ್ಣುಮಕ್ಕಳನ್ನು ಮುಚ್ಚಿಡದೆ ಸಾಕಿ, ಆಷ್‌ಬೋರ್ನಿನಲ್ಲಿ ಅವರು ಬಾಲಿಕಾಶಾಲೆ ನಡೆಸಲು ನೆರವಾದನು. ಅವರಿಗಾಗಿ ಬರೆದ ಸ್ತ್ರೀಶಿಕ್ಷಣದ ಯೋಜನೆ 1797ರಲ್ಲಿ ಅಚ್ಚಾಯಿತು. ಹುಡುಗಿಯರು ಸಸ್ಯಶಾಸ್ತ್ರ ರಸಾಯನಶಾಸ್ತ್ರಗಳನ್ನು ಕಲಿಯಬೇಕು, ಬಯಲಿನಲ್ಲಿ ವ್ಯಾಯಾಮ ಮಾಡಬೇಕು, ಹತ್ತಿಯ ಗಿರಣಿ ಕಬ್ಬಿಣದ ಕಾರ್ಖಾನೆಗಳನ್ನು ನೋಡಿ ಬರಬೇಕು ಎಂದು ಅದರಲ್ಲಿದೆ. ಶಾಲಾ ಪ್ರವಾಸದ ಪಟ್ಟಿ ಮಾಡುವಾಗ ಈ ಕಡೆಯ ಅಂಶವನ್ನು ಸಹೋದ್ಯೋಗಿಗಳು ಗಮನಿಸಬಹುದು.

‘ಜೂನೋಮಿಯ’ ಎಂಬ ವೈದ್ಯಗ್ರಂಥದಲ್ಲಿ (1794–96) ಬಿಸಿರಕ್ತದ ಪ್ರಾಣಿಗಳೆಲ್ಲವೂ ಒಂದೇ ಸಜೀವ ತಂತುವಿನಿಂದ ಮೂಡಿರಬಹುದೇ ಎಂದು ಡಾರ್ವಿನ್ ಕೇಳಿದನು. 1802ನೆಯ ಏಪ್ರಿಲ್ 18ರಂದು ಬ್ರೆಡ್ಸಾಲಿನಲ್ಲಿ ತೀರಿಕೊಂಡನು. ಮೊಮ್ಮಗ ಚಾರ್ಲ್ಸ್ 1879ರಲ್ಲಿ ತಾತನ ಚರಿತ್ರೆಯನ್ನು ಬರೆದಾಗ, ಮಗಳು ಹೆನ್ರಿಯೆಟಾ ಅದರ ಕೆಲವು ಭಾಗಗಳನ್ನು ಕತ್ತರಿಸಿದಳು. ಅದು ಸಂಪೂರ್ಣವಾಗಿ ಅಚ್ಚಾದದ್ದು 2003ರಲ್ಲಿ.